ಮೆರಾಪಿಯ ಕಲ್ಲು, ಮೆರಾಪಿಯ ಬೂದಿ: ಯೋಗ್ಯಕರ್ತ ನೋಡೋಕೆ ಒಂದು ದಾರಿ

ಜಾವಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಲ್ಯಾಬ್ ಪರೀಕ್ಷೆ. ಆ ಪ್ರೋಗ್ರಾಮಿಂಗ್ ಭಾಷೆಯ ಲೋಗೋದಲ್ಲಿ ಹಬೆಯಾಡೋ ಕಾಫಿ ಲೋಟ ಇದೆಯಲ್ಲ, ಆ ಕಾಫಿಗೆ ಹೆಸರು ಬಂದಿದ್ದು ಇಂಡೋನೇಷ್ಯಾದ ಜಾವಾ ದ್ವೀಪದಿಂದ. ಆ ದ್ವೀಪದ ಮಧ್ಯಭಾಗದಲ್ಲಿ, ದಕ್ಷಿಣ ಕರಾವಳಿಗೆ ಹತ್ತಿರ, ಯೋಗ್ಯಕರ್ತ ಅನ್ನೋ ಊರಿದೆ. ಅಲ್ಲಿನವರ ಬಾಯಲ್ಲಿ ಅದು ಜೋಗ್ಜಾ. ರಾಮನ ಅಯೋಧ್ಯೆಯ ಹೆಸರೇ ಹೀಗಾಯ್ತು ಅಂತ ಹೇಳ್ತಾರೆ. ಇವತ್ತಿಗೂ ಅಲ್ಲಿ ಸುಲ್ತಾನರಿದ್ದಾರೆ, ಅವರೇ ಆ ಪ್ರಾಂತ್ಯದ ಗವರ್ನರ್ ಕೂಡ.

ಟೂರ್ ಪ್ಯಾಕೇಜ್ ನೋಡಿದರೆ ಪಟ್ಟಿ ಹೀಗಿರುತ್ತೆ: ಒಂದು ದಿನ ಬೊರೊಬುದೂರ್, ಒಂದು ದಿನ ಪ್ರಂಬಾನನ್, ಒಂದು ಬೆಳಗ್ಗೆ ಜ್ವಾಲಾಮುಖಿಗೆ ಜೀಪ್ ಸವಾರಿ, ಒಂದು ಸಂಜೆ ಬೀಚು. ನಾಲ್ಕೂ ಬೇರೆಬೇರೆ ಅನ್ನೋ ಹಾಗೆ. ಆದರೆ ಇವೆಲ್ಲ ಒಂದೇ ಕಥೆಯ ನಾಲ್ಕು ತುಂಡುಗಳು, ಆ ಕಥೆಯ ಹೆಸರು ಮೆರಾಪಿ. ದೇಗುಲಕ್ಕೆ ಕಲ್ಲು ಕೊಟ್ಟಿದ್ದು ಆ ಬೆಟ್ಟ, ಕಟ್ಟಿದವರಿಗೆ ಅನ್ನ ಕೊಟ್ಟಿದ್ದು ಆ ಬೆಟ್ಟದ ಮಣ್ಣು, ಕೆಲವು ಗುಡಿಗಳನ್ನ ಹೂತು ಹಾಕಿದ್ದೂ ಅದೇ, ಇವತ್ತಿಗೂ ಸುತ್ತಲಿನವರ ನಿದ್ದೆ ಕೆಡಿಸೋದೂ ಅದೇ. ಈ ಒಂದು ಎಳೆ ಹಿಡಿದು ನೋಡಿದರೆ ಫೋಟೋಗಿಂತ ಹೆಚ್ಚಿನದೇನೋ ಕೈಗೆ ಸಿಗುತ್ತೆ, ಅದರಲ್ಲೂ ಎಂಜಿನಿಯರಿಂಗ್ ಓದೋರಿಗೆ.

ಬೆಂಕಿ ಎಲ್ಲಿಂದ ಬರುತ್ತೆ?

ಜಾವಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ತಳದಲ್ಲಿ, ಇಂಡೋ-ಆಸ್ಟ್ರೇಲಿಯನ್ ಭೂಫಲಕ ದ್ವೀಪದ ಅಡಿಗೆ ನುಗ್ಗುತ್ತಾ ಇದೆ. ವೇಗ ವರ್ಷಕ್ಕೆ ಸುಮಾರು 6-7 ಸೆಂಟಿಮೀಟರ್. ಕೆಳಗೆ ಹೋಗೋ ಫಲಕ ತನ್ನ ಜೊತೆ ನೀರನ್ನೂ ಒಯ್ಯುತ್ತೆ. ಆಳದಲ್ಲಿ ಬಿಸಿ, ಒತ್ತಡ ಹೆಚ್ಚಾದಾಗ ಆ ನೀರು ಬಿಡುಗಡೆಯಾಗಿ ಮೇಲಿನ ಬಂಡೆಯ ಕರಗುವ ತಾಪಮಾನವನ್ನ ಇಳಿಸುತ್ತೆ. ಬಂಡೆ ಕರಗಿ ಶಿಲಾಪಾಕ ಆಗಿ ಮೇಲೇರುತ್ತೆ. ಜಾವಾದ ಉದ್ದಕ್ಕೂ ಸಾಲಾಗಿ ಜ್ವಾಲಾಮುಖಿಗಳು ನಿಂತಿರೋದು ಇದೇ ಕಾರಣಕ್ಕೆ. ಮೆರಾಪಿ ಆ ಸಾಲಿನಲ್ಲಿ ತುಂಬಾ ಚುರುಕಿನದು. ಎತ್ತರ ಸುಮಾರು 2,900 ಮೀಟರ್, ಯೋಗ್ಯಕರ್ತದಿಂದ ಉತ್ತರಕ್ಕೆ 30 ಕಿಲೋಮೀಟರೂ ಇಲ್ಲ. ಹೆಸರಲ್ಲಿರೋ 'ಆಪಿ' ಅಂದ್ರೆ ಅಲ್ಲಿನ ಭಾಷೆಯಲ್ಲಿ ಬೆಂಕಿ.

ಮೆರಾಪಿಯ ಶಿಲಾಪಾಕ ಅಂಟಂಟು. ನೀರಿನ ಹಾಗೆ ಹರಿದು ಹೋಗಲ್ಲ, ತುದಿಯಲ್ಲೇ ಮುದ್ದೆ ಕಟ್ಟಿ ಗುಮ್ಮಟದ ಹಾಗೆ ಬೆಳೆಯುತ್ತೆ. ಬೆಳೆದು ಬೆಳೆದು ಭಾರ ತಾಳದೆ ಒಂದು ಬದಿ ಕುಸಿದರೆ, ನೂರಾರು ಡಿಗ್ರಿ ಬಿಸಿಯ ಬೂದಿ, ಅನಿಲ, ಕಲ್ಲು ಎಲ್ಲ ಸೇರಿದ ಮೋಡ ಇಳಿಜಾರಲ್ಲಿ ಧಾವಿಸಿ ಬರುತ್ತೆ. ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಜಾವಾದ ಹಳ್ಳಿಗರು ಇದಕ್ಕೆ 'ವೆದುಸ್ ಗೆಂಬೆಲ್' ಅಂತಾರೆ, ಅಂದ್ರೆ ಗುಂಗುರು ಉಣ್ಣೆಯ ಕುರಿ. ದೂರದಿಂದ ನೋಡಿದರೆ ಮೋಡ ಕುರಿಮಂದೆಯ ಹಾಗೆ ಕಾಣುತ್ತಂತೆ. ಆಮೇಲೆ ಮಳೆ ಬಂದಾಗ ಇಳಿಜಾರಲ್ಲಿ ಕೂತ ಬೂದಿ ಕೆಸರಾಗಿ, ಬಂಡೆಗಳನ್ನ ಹೊತ್ತುಕೊಂಡು ಹೊಳೆಯಲ್ಲಿ ಬರುತ್ತೆ. ಇದು 'ಲಾಹಾರ್'. ಇವತ್ತು ಪ್ರಪಂಚದ ಎಲ್ಲ ಭೂವಿಜ್ಞಾನದ ಪುಸ್ತಕಗಳಲ್ಲಿರೋ ಈ ಪದ ಜಾವಾ ಭಾಷೆಯದ್ದೇ.

ಕಲ್ಲಾದ ಬೆಟ್ಟ: ಬೊರೊಬುದೂರ್

ತಣ್ಣಗಾದ ಮೆರಾಪಿಯ ಶಿಲಾಪಾಕವೇ ಆಂಡಿಸೈಟ್ ಅನ್ನೋ ಬೂದುಬಣ್ಣದ ಕಲ್ಲು. ಹೊಳೆಗಳು ಅದನ್ನ ಬಯಲಿಗೆ ತಂದು ಹಾಕ್ತವೆ. 8 ಮತ್ತು 9ನೇ ಶತಮಾನಗಳಲ್ಲಿ ಈ ಬಯಲಲ್ಲಿ ಗುಡಿ ಕಟ್ಟಿದವರಿಗೆ ಕಲ್ಲು, ಗದ್ದೆ, ನೀರು ಮೂರೂ ಒಂದೇ ಕಡೆ ಸಿಕ್ಕವು. 732ರ ಚಂಗಲ್ ಶಾಸನದಲ್ಲಿ ಸಂಜಯ ಅನ್ನೋ ದೊರೆ ಬೆಟ್ಟದ ಮೇಲೆ ಲಿಂಗ ಸ್ಥಾಪಿಸಿದ ಸುದ್ದಿ ಇದೆ, ಜಾವಾ ಧಾನ್ಯಸಮೃದ್ಧ ನಾಡು ಅನ್ನೋ ಹೊಗಳಿಕೆಯೂ ಇದೆ. ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಎದ್ದಿದ್ದೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ.

ಊರಿಂದ ವಾಯವ್ಯಕ್ಕೆ 40 ಕಿಲೋಮೀಟರ್ ದೂರದಲ್ಲಿರೋ ಬೊರೊಬುದೂರ್ ಶೈಲೇಂದ್ರ ದೊರೆಗಳ ಕಾಲದ ಮಹಾಯಾನ ಬೌದ್ಧ ಸ್ಮಾರಕ. ಇದಕ್ಕೆ ಗರ್ಭಗುಡಿ ಇಲ್ಲ, ಒಳಗೆ ಹೋಗೋ ಜಾಗವೇ ಇಲ್ಲ. ಒಂದು ಸಹಜ ಗುಡ್ಡಕ್ಕೆ ಕಲ್ಲಿನ ಹೊದಿಕೆ ಹೊದಿಸಿದ ಹಾಗೆ ಕಟ್ಟಿದ್ದಾರೆ. ಕೆಳಗೆ ಆರು ಚೌಕಾಕಾರದ ಹಂತ, ಮೇಲೆ ಮೂರು ವೃತ್ತಾಕಾರದ ಹಂತ, ನೆತ್ತಿಯಲ್ಲಿ ದೊಡ್ಡ ಸ್ತೂಪ. ಬಳಸಿದ ಕಲ್ಲು ಸುಮಾರು 55,000 ಘನ ಮೀಟರ್, ಗಾರೆ ಇಲ್ಲ. ಒಂದು ಕಲ್ಲಿನ ಗೂಟ ಇನ್ನೊಂದರ ತೂತಿಗೆ ಕೂರೋ ಹಾಗೆ ಕಡೆದು ಜೋಡಿಸಿದ್ದಾರೆ. ಉಬ್ಬುಶಿಲ್ಪದ ಫಲಕಗಳು 2,672, ಬುದ್ಧನ ಮೂರ್ತಿಗಳು 504. ಮೇಲಿನ ಮೂರು ಸುತ್ತಿನಲ್ಲಿ ಜಾಲರಿಯ ಸ್ತೂಪಗಳು 32, 24, 16, ಒಟ್ಟು 72. ಲೆಕ್ಕ ಎಷ್ಟು ಅಚ್ಚುಕಟ್ಟು ನೋಡಿ.

ಪೂರ್ವದ ಮೆಟ್ಟಿಲಿಂದ ಶುರುಮಾಡಿ ಪ್ರದಕ್ಷಿಣೆ ಹಾಕ್ತಾ ಮೇಲೇರಬೇಕು. ಕೆಳಗಿನ ಓಣಿಗಳಲ್ಲಿ ಎರಡೂ ಕಡೆ ಗೋಡೆ, ಗೋಡೆ ತುಂಬಾ ಕಥೆ: ಹಡಗು, ಸಂತೆ, ಅರಮನೆ, ಬುದ್ಧನ ಜನ್ಮಗಳು. ಮೇಲೆ ಹೋಗ್ತಾ ಇದ್ದ ಹಾಗೆ ಚಿತ್ರಗಳು ನಿಂತು ಹೋಗ್ತವೆ, ಗೋಡೆಯೂ ಇಲ್ಲ. ಸುತ್ತ ಆಕಾಶ, ದೂರದಲ್ಲಿ ಮೆರಾಪಿ. ಕಾಮ, ರೂಪ, ಅರೂಪ ಅನ್ನೋ ಮೂರು ಲೋಕಗಳನ್ನ ಪುಸ್ತಕದಲ್ಲಿ ಓದೋ ಬದಲು ಕಾಲಲ್ಲಿ ನಡೆದು ಅರ್ಥಮಾಡಿಕೊಳ್ಳೋ ಹಾಗೆ ಇದರ ರಚನೆ.

ಇನ್ನು ಸಿವಿಲ್‌ನವರಿಗೆ ಇಲ್ಲಿರೋ ಪಾಠ. ಈ ಕಟ್ಟಡದ ದೊಡ್ಡ ಶತ್ರು ಬೆಂಕಿ ಅಲ್ಲ, ನೀರು. ಒಳಗಿರೋದು ಮಣ್ಣಿನ ಗುಡ್ಡ. ಮಳೆನೀರು ಕಲ್ಲಿನ ಸಂದಿಯಿಂದ ಇಳಿದು ಮಣ್ಣನ್ನ ನೆನೆಸಿತು, ಗೋಡೆಗಳು ವಾಲಿದವು, ಶಿಲ್ಪಗಳ ಮೇಲೆ ಪಾಚಿ ಬಂತು. ಕಟ್ಟಿದವರಿಗೂ ಇದು ಗೊತ್ತಿತ್ತು. ಮೂಲೆಮೂಲೆಗೆ ಮಕರದ ಬಾಯಿಯಿಂದ ನೀರು ಚೆಲ್ಲೋ ದೋಣಿಗಳನ್ನ ಇಟ್ಟಿದ್ದರು. ಆದರೆ ಸಾವಿರ ವರ್ಷಕ್ಕೆ ಅದು ಸಾಲಲಿಲ್ಲ. 1814ರಲ್ಲಿ ರಾಫಲ್ಸ್ ಕಾಲದಲ್ಲಿ ಕಾಡು, ಮಣ್ಣು ಸರಿಸಿದರು. 1907ರಿಂದ 1911ರವರೆಗೆ ಡಚ್ ಎಂಜಿನಿಯರ್ ಥಿಯೋಡರ್ ವಾನ್ ಎರ್ಪ್ ದುರಸ್ತಿ ಮಾಡಿಸಿದರು, ಆದರೆ ಒಳಗಿನ ನೀರಿನ ಸಮಸ್ಯೆ ಉಳಿದೇ ಇತ್ತು. ಕೊನೆಗೆ 1970ರ ದಶಕದಲ್ಲಿ ಯುನೆಸ್ಕೋ ಮತ್ತು ಇಂಡೋನೇಷ್ಯಾ ಸರ್ಕಾರ ಸೇರಿ ಚೌಕದ ಹಂತಗಳನ್ನ ಪೂರ್ತಿ ಬಿಚ್ಚಿದವು. ಹತ್ತು ಲಕ್ಷಕ್ಕೂ ಹೆಚ್ಚು ಕಲ್ಲುಗಳನ್ನ ತೆಗೆದು, ಗುರುತು ಹಾಕಿ, ತೊಳೆದು, ಅಡಿಗೆ ಕಾಂಕ್ರೀಟ್ ಹಾಸು, ನೀರು ಸೋಸೋ ಪದರ, ಪೈಪು ಕೂರಿಸಿ ಮತ್ತೆ ಅದೇ ಜಾಗಕ್ಕೆ ಇಟ್ಟರು. ಕೆಲಸ ಮುಗಿದಿದ್ದು 1983ರಲ್ಲಿ. ಶಿಲ್ಪ ಎಲ್ಲರಿಗೂ ಕಾಣುತ್ತೆ, ಅದನ್ನ ನಿಲ್ಲಿಸಿರೋ ಡ್ರೈನೇಜ್ ಯಾರಿಗೂ ಕಾಣಲ್ಲ!

ಆಗ್ನೇಯ ಮೂಲೆಯಲ್ಲಿ ಬುಡದ ಒಂದು ಭಾಗ ತೆರೆದಿಟ್ಟಿದ್ದಾರೆ, ತಪ್ಪಿಸಬೇಡಿ. ಹೊರಗೆ ಕಾಣೋ ಅಗಲವಾದ ಕಟ್ಟೆಯ ಹಿಂದೆ ಇನ್ನೊಂದು ಬುಡ ಅಡಗಿದೆ ಅಂತ ತಿಳಿದಿದ್ದು 1885ರಲ್ಲಿ. ಅದರಲ್ಲಿ ಕರ್ಮಫಲದ 160 ಫಲಕಗಳಿವೆ. ಕೆಲವು ಇನ್ನೂ ಅರ್ಧಕ್ಕೇ ನಿಂತಿವೆ, ಶಿಲ್ಪಿಗಳಿಗೆ ಬರೆದ ಪುಟ್ಟ ಸೂಚನೆಗಳೂ ಹಾಗೇ ಉಳಿದಿವೆ. ಭಾರಕ್ಕೆ ಬುಡ ಜಾರುತ್ತೆ ಅಂತ ಆಮೇಲೆ ಕಲ್ಲಿನ ಆಸರೆ ಕೊಟ್ಟರು ಅನ್ನೋದು ಒಂದು ವಾದ, ಧಾರ್ಮಿಕ ಕಾರಣಕ್ಕೆ ಮುಚ್ಚಿದರು ಅನ್ನೋದು ಇನ್ನೊಂದು.

ಈಗ ಮೇಲಿನ ಹಂತಕ್ಕೆ ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ, ಗೈಡ್ ಜೊತೆಯಲ್ಲೇ ಹೋಗಬೇಕು, ಅವರು ಕೊಡೋ ನಾರಿನ ಚಪ್ಪಲಿ ಹಾಕಬೇಕು. ಲಕ್ಷಾಂತರ ಶೂಗಳು ಉಜ್ಜಿ ಮೆಟ್ಟಿಲುಗಳು ಸವೆದಿದ್ದಕ್ಕೆ ಈ ಉಪಾಯ. ಚಪ್ಪಲಿಯ ಹೆಸರು 'ಉಪಾನತ್'. ಸಂಸ್ಕೃತದ ಉಪಾನಹ ಗೊತ್ತಿರೋರಿಗೆ ಅರ್ಥ ಕೇಳಬೇಕಾಗಿಲ್ಲ.

ಮುಕ್ಕಾಲು ಕಲ್ಲಿನ ನಿಯಮ: ಪ್ರಂಬಾನನ್

ಊರಿನ ಇನ್ನೊಂದು ಬದಿ, ಪೂರ್ವಕ್ಕೆ 17 ಕಿಲೋಮೀಟರ್ ಹೋದರೆ ಪ್ರಂಬಾನನ್. ಟ್ರಾನ್ಸ್ ಜೋಗ್ಜಾ ಸಿಟಿ ಬಸ್ಸಿನಲ್ಲೇ ಹೋಗಬಹುದು. ಇದು ಶಿವ, ವಿಷ್ಣು, ಬ್ರಹ್ಮರ ಗುಡಿಗಳ ಸಮೂಹ. ನಡುವಿನ ಶಿವನ ಗುಡಿ 47 ಮೀಟರ್ ಎತ್ತರ, ಎದುರಿಗೆ ನಂದಿಗೂ ಪ್ರತ್ಯೇಕ ಗುಡಿ. 856ರ ಶಿವಗೃಹ ಶಾಸನ ಈ ದೇಗುಲದ್ದೇ ಅಂತ ವಿದ್ವಾಂಸರ ಅಭಿಪ್ರಾಯ, ಅದರಲ್ಲಿ ಪಕ್ಕದ ಹೊಳೆಯ ದಾರಿ ಬದಲಿಸಿದ ಮಾತೂ ಇದೆ. ಶಿವ ಮತ್ತು ಬ್ರಹ್ಮರ ಗುಡಿಯ ಜಗಲಿಗೋಡೆಯ ಮೇಲೆ ರಾಮಾಯಣ, ವಿಷ್ಣುವಿನ ಗುಡಿಯಲ್ಲಿ ಕೃಷ್ಣನ ಕಥೆ.

ಶಿವನ ಗುಡಿಯ ಉತ್ತರದ ಕೋಣೆಯಲ್ಲಿರೋ ಮಹಿಷಮರ್ದಿನಿಯನ್ನ ಊರವರು ರೊರೊ ಜೊಂಗ್ರಾಂಗ್ ಅಂತಾರೆ. ಕಥೆ ಹೀಗಿದೆ: ಬಂಡುಂಗ್ ಬೊಂಡೊವೊಸೊ ಅನ್ನೋನು ಇವಳನ್ನ ಮದುವೆ ಆಗ್ತೀನಿ ಅಂತ ಹಟ ಹಿಡಿದ. ಒಂದೇ ರಾತ್ರಿಯಲ್ಲಿ ಸಾವಿರ ಗುಡಿ ಕಟ್ಟು, ಆಗ್ತೀನಿ ಅಂದಳು. ಅವನು ಭೂತಗಣಗಳನ್ನ ಕರೆಸಿ 999 ಕಟ್ಟಿಸಿಬಿಟ್ಟ. ಇವಳು ಹಳ್ಳಿಯ ಹೆಂಗಸರಿಂದ ಭತ್ತ ಕುಟ್ಟಿಸಿ, ಬೆಂಕಿ ಹಚ್ಚಿಸಿದಳು. ಬೆಳಗಾಯ್ತು ಅಂತ ಕೋಳಿ ಕೂಗಿದವು, ಭೂತಗಳು ಓಡಿಹೋದವು. ಸಿಟ್ಟಿಗೆದ್ದ ಅವನ ಶಾಪಕ್ಕೆ ಇವಳೇ ಸಾವಿರದ ಕಲ್ಲಾದಳು.

ನಿಜದ ಲೆಕ್ಕದಲ್ಲಿ ಇಲ್ಲಿದ್ದಿದ್ದು 240 ಗುಡಿಗಳು. ಒಳಾವರಣದ 16 ಬಿಟ್ಟರೆ ಉಳಿದ 224 ಸುತ್ತಲಿನ ಪುಟ್ಟ ಗುಡಿಗಳು. ಅವುಗಳಲ್ಲಿ ಹೆಚ್ಚಿನವು ಇವತ್ತೂ ಬರೀ ಕಲ್ಲಿನ ಗುಡ್ಡೆ. ದುಡ್ಡಿಲ್ಲ ಅನ್ನೋದಷ್ಟೇ ಕಾರಣ ಅಲ್ಲ. ಮೂಲ ಕಲ್ಲುಗಳಲ್ಲಿ ಕನಿಷ್ಠ 75 ಶೇಕಡಾ ಸಿಗದೆ ಮತ್ತೆ ಕಟ್ಟೋ ಹಾಗಿಲ್ಲ ಅನ್ನೋದು ಇಲ್ಲಿನ ಕಟ್ಟುನಿಟ್ಟು. ಶತಮಾನಗಳ ಕಾಲ ಜನ ಇಲ್ಲಿಂದ ಕಲ್ಲು ಒಯ್ದು ಮನೆ, ಕಟ್ಟೆ ಕಟ್ಟಿಕೊಂಡಿದ್ದರಿಂದ ಎಷ್ಟೋ ಗುಡಿಗಳಿಗೆ ಆ ಮುಕ್ಕಾಲು ಪಾಲು ಸಿಗೋದೇ ಇಲ್ಲ. ಊಹೆಯಿಂದ ಕಟ್ಟಿದ ಹೊಸ ಗುಡಿಗಿಂತ ಪ್ರಾಮಾಣಿಕವಾದ ಕಲ್ಲಿನ ರಾಶಿ ಮೇಲು ಅನ್ನೋ ತತ್ವ. ಶಿವನ ಗುಡಿಯ ಜೋಡಣೆ ಮುಗಿದಿದ್ದೇ 1953ರಲ್ಲಿ.

2006ರ ಮೇ ತಿಂಗಳಲ್ಲಿ ಮೆರಾಪಿ ಗುಡುಗ್ತಾ ಇತ್ತು. ಎಚ್ಚರಿಕೆ ಅತ್ಯುನ್ನತ ಹಂತಕ್ಕೆ ಏರಿತ್ತು, ಎಲ್ಲರ ಕಣ್ಣೂ ಉತ್ತರದ ಬೆಟ್ಟದ ಮೇಲೆ. ಮೇ 27ರ ಬೆಳಗ್ಗೆ ಆರು ಗಂಟೆಗೆ ಸ್ವಲ್ಪ ಮುಂಚೆ ಏಟು ಬಿದ್ದಿದ್ದು ದಕ್ಷಿಣದಿಂದ. 6.3ರ ತೀವ್ರತೆಯ ಭೂಕಂಪಕ್ಕೆ 5,700ಕ್ಕೂ ಹೆಚ್ಚು ಜನ ಸತ್ತರು. ಕುಸಿದ ಮನೆಗಳಲ್ಲಿ ಹೆಚ್ಚಿನವು ಕಬ್ಬಿಣದ ಆಸರೆ ಇಲ್ಲದ ಇಟ್ಟಿಗೆ ಗೋಡೆಯವು. ಪ್ರಂಬಾನನ್‌ನಲ್ಲೂ ಕಲಶಗಳು ಉರುಳಿದವು, ಕಲ್ಲುಗಳು ಜರುಗಿದವು, ಗುಡಿಗಳ ಒಳಗೆ ಬಿಡೋದನ್ನ ನಿಲ್ಲಿಸಿದರು. ಮತ್ತೆ ಬಿಚ್ಚು, ಮತ್ತೆ ಜೋಡಿಸು. ಈ ನಾಡಲ್ಲಿ ಜೀರ್ಣೋದ್ಧಾರ ಒಂದು ಸಲ ಮುಗಿಸಿ ಬಿಡೋ ಕೆಲಸ ಅಲ್ಲ.

ಗದ್ದೆಯ ಕೆಳಗಿನ ಗುಡಿ

ಪ್ರಂಬಾನನ್‌ನಿಂದ ವಾಪಸ್ ಬರೋವಾಗ ದಾರಿ ಬದಿಯಲ್ಲಿ ಸಾಂಬಿಸಾರಿ ಇದೆ. ದೊಡ್ಡದಲ್ಲ, ಜನಸಂದಣಿಯೂ ಇರಲ್ಲ. ಆದರೆ ಬೆಟ್ಟಕ್ಕೂ ಗುಡಿಗೂ ಇರೋ ಸಂಬಂಧ ಇಷ್ಟು ಸ್ಪಷ್ಟವಾಗಿ ಕಾಣೋದು ಇಲ್ಲೇ. 1966ರಲ್ಲಿ ರೈತರೊಬ್ಬರು ಹೊಲ ಅಗೆಯೋವಾಗ ಗುದ್ದಲಿಗೆ ಕೆತ್ತಿದ ಕಲ್ಲು ತಾಗಿತು. ಅಗೆದು ನೋಡಿದರೆ ಇಡೀ ಶಿವನ ಗುಡಿ! ಅದರ ಅಂಗಳ ಈಗಿನ ನೆಲಕ್ಕಿಂತ ಸುಮಾರು ಆರೂವರೆ ಮೀಟರ್ ಕೆಳಗಿತ್ತು. ಮೇಲಿಂದ ಮೆಟ್ಟಿಲಿಳಿದು ಹೋಗಬೇಕು. ಸುತ್ತಲಿನ ಇಳಿಜಾರು ನೋಡಿದರೆ ಮೆರಾಪಿ ಈ ಬಯಲಿಗೆ ಎಷ್ಟು ಮಣ್ಣು ತಂದು ಸುರಿದಿದೆ ಅಂತ ಅಂದಾಜಾಗುತ್ತೆ. ಹೂತು ಹಾಕಿದ ಅದೇ ಬೂದಿಮಣ್ಣು ಗುಡಿಯನ್ನ ಕಳ್ಳರಿಂದಲೂ ಕಾಪಾಡಿತು. ಗರ್ಭಗುಡಿಯ ಲಿಂಗ ಸ್ಥಾನದಲ್ಲೇ ಸಿಕ್ಕಿತು.

ಇಲ್ಲಿ ಒಂದು ಹಳೇ ಪ್ರಶ್ನೆ ಏಳುತ್ತೆ. 10ನೇ ಶತಮಾನದ ಮೊದಲ ಭಾಗದಲ್ಲಿ ಮಾತರಂ ದೊರೆಗಳು ಇಷ್ಟೆಲ್ಲ ಗುಡಿಗಳನ್ನ ಬಿಟ್ಟು ರಾಜಧಾನಿಯನ್ನ ಪೂರ್ವ ಜಾವಾಕ್ಕೆ ಒಯ್ದರು. ಯಾಕೆ? ಒಂದು ಭಾರೀ ಸ್ಫೋಟವೇ ರಾಜ್ಯವನ್ನ ಮುಗಿಸಿತು ಅನ್ನೋ ವಾದ ಬಹಳ ಕಾಲ ಜನಪ್ರಿಯವಾಗಿತ್ತು. ಡಚ್ ಭೂವಿಜ್ಞಾನಿ ವಾನ್ ಬೆಮ್ಮೆಲೆನ್ ಅದಕ್ಕೆ 1006 ಅನ್ನೋ ಇಸವಿ ಕೂಡ ಕೊಟ್ಟಿದ್ದರು. ರಾಜಧಾನಿ ಹೋಗಿ ಆಗಲೇ 70-80 ವರ್ಷ ಆಗಿತ್ತು ಅನ್ನೋದು ಒಂದು ತೊಡಕು. ಜೊತೆಗೆ, ಒಂದೇ ಮಹಾಸ್ಫೋಟ ಅನ್ನೋದನ್ನ ಇತ್ತೀಚಿನ ಜ್ವಾಲಾಮುಖಿ ತಜ್ಞರು ಒಪ್ಪಲ್ಲ. ಬೂದಿ ಪದರ ಪದರವಾಗಿ, ಹಲವು ಸಲ ಬಂದಿದೆ. ವ್ಯಾಪಾರ, ರಾಜಕೀಯದ ಕಾರಣಗಳನ್ನೂ ಇತಿಹಾಸಕಾರರು ಮುಂದಿಡ್ತಾರೆ. ಗೈಡ್ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟರೆ ತಲೆಯಾಡಿಸಿ, ಆದರೆ ಬರೆದುಕೊಳ್ಳಬೇಡಿ.

2010: ಲೆಕ್ಕ ಮತ್ತು ನಂಬಿಕೆ

ಗುಡಿಗಳನ್ನ ನೋಡಿದ ಮೇಲೆ ಬೆಟ್ಟಕ್ಕೆ ಹೋಗಿ. ಮೆರಾಪಿಯ ದಕ್ಷಿಣದ ಇಳಿಜಾರಲ್ಲಿ ಜೀಪುಗಳು ಕರೆದೊಯ್ಯೋ ಹಳ್ಳಿಗಳೆಲ್ಲ 2010ರಲ್ಲಿ ಸುಟ್ಟವು.

ಆ ವರ್ಷ ಅಕ್ಟೋಬರ್ 25ಕ್ಕೆ ಎಚ್ಚರಿಕೆಯನ್ನ ನಾಲ್ಕನೇ, ಅಂದ್ರೆ ಕೊನೇ ಹಂತಕ್ಕೆ ಏರಿಸಿ 10 ಕಿಲೋಮೀಟರ್ ಒಳಗಿನವರನ್ನ ತೆರವು ಮಾಡೋಕೆ ಹೇಳಿದರು. ಮರುದಿನವೇ ಬಿಸಿಮೋಡ ಇಳಿಯಿತು. ಕಿನಾರೆಜೊ ಹಳ್ಳಿಯಲ್ಲಿದ್ದ ಮ್ಬಾ ಮರಿಜಾನ್ ತೀರಿಕೊಂಡರು. ಅವರು ಸುಲ್ತಾನರು ನೇಮಿಸಿದ ಬೆಟ್ಟದ ಕಾವಲುಗಾರ, ವರ್ಷವರ್ಷ ಮೆರಾಪಿಗೆ ಅರಮನೆಯ ಕಾಣಿಕೆ ಒಪ್ಪಿಸೋರು. 2006ರಲ್ಲೂ ಊರು ಬಿಡಲ್ಲ ಅಂದಿದ್ದರು, ಆಗ ಬೆಟ್ಟ ಅವರ ಕಡೆ ಬರಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟವರು ಬಹಳ ಜನ ಇದ್ದರು. ಅವರನ್ನ ಮೂಢರು ಅಂತ ತಳ್ಳಿಹಾಕೋದು ಸುಲಭ, ಆದರೆ ನ್ಯಾಯ ಅಲ್ಲ. ತನ್ನ ಕೆಲಸ ಬಿಟ್ಟು ಓಡಬಾರದು ಅನ್ನೋ ನಿಷ್ಠೆ ಅದು. ಆದರೂ ಒಂದು ಮಾತು ನಿಜ: ಹಿಂದೆ ಒಂದು ಸಲ ಬದುಕಿದ್ದು ಮುಂದಿನ ಸಲಕ್ಕೆ ಪುರಾವೆ ಆಗಲ್ಲ.

ವಿಜ್ಞಾನಿಗಳು ಭೂಕಂಪನ ಮಾಪಕ, ಅನಿಲದ ಅಳತೆ, ಉಪಗ್ರಹದ ರೇಡಾರ್ ಚಿತ್ರ ಎಲ್ಲವನ್ನೂ ನೋಡ್ತಾ ನವೆಂಬರ್ 3ಕ್ಕೆ ಸುರಕ್ಷತಾ ವಲಯವನ್ನ 15 ಕಿಲೋಮೀಟರಿಗೆ, 5ರ ನಡುರಾತ್ರಿ ದಾಟಿದ ಮೇಲೆ 20ಕ್ಕೆ ಹಿಗ್ಗಿಸಿದರು. ಅದೇ ರಾತ್ರಿ ದೊಡ್ಡ ಸ್ಫೋಟವಾಗಿ ಬಿಸಿಮೋಡ ಗೆಂದೊಲ್ ಹೊಳೆಯ ಕಣಿವೆಯಲ್ಲಿ ಸುಮಾರು 15 ಕಿಲೋಮೀಟರ್ ಬಂತು. ಒಟ್ಟು 350ಕ್ಕೂ ಹೆಚ್ಚು ಜನ ಸತ್ತರು. ತೆರವು ಮಾಡಿಸದೆ ಇದ್ದಿದ್ದರೆ 10,000ದಿಂದ 20,000 ಜೀವ ಹೋಗ್ತಿತ್ತು ಅಂತ ಆಮೇಲೆ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಇವತ್ತು ಅಲ್ಲಿ 'ಸಿಸಾ ಹಾರ್ತಾಕು', ಅಂದ್ರೆ 'ನನ್ನ ಆಸ್ತಿಯಲ್ಲಿ ಉಳಿದಿದ್ದು' ಅನ್ನೋ ಹೆಸರಿನ ಮನೆ-ಮ್ಯೂಸಿಯಂ ಇದೆ. ಕರಗಿದ ಪ್ಲಾಸ್ಟಿಕ್, ದನದ ಎಲುಬು, ಆ ರಾತ್ರಿ ನಿಂತುಹೋದ ಗಡಿಯಾರ. ಮೇಲೆ ಕಲಿಯಾದೆಮ್‌ನಲ್ಲಿ ಒಂದು ಬಂಕರ್ ಇದೆ. 2006ರಲ್ಲಿ ಅದರೊಳಗೆ ಆಶ್ರಯ ಪಡೆದ ಇಬ್ಬರು ಬದುಕಲಿಲ್ಲ. ಕಾಂಕ್ರೀಟ್ ಗೋಡೆ ಕಲ್ಲಿನ ಏಟು ತಡೀಬಹುದು, ಬಿಸಿಯನ್ನ ಅಲ್ಲ. ಇಂಥ ಜಾಗಗಳಲ್ಲಿ ಸೆಲ್ಫಿ ಸ್ವಲ್ಪ ಕಮ್ಮಿ ಇರಲಿ.

ಇಷ್ಟಾದ ಮೇಲೂ ಜನ ಯಾಕೆ ವಾಪಸ್ ಬಂದರು? ದನಕ್ಕೆ ಮೇವು, ಹಾಲು, ತರಕಾರಿ, ಭತ್ತ ಎಲ್ಲ ಈ ಮಣ್ಣಲ್ಲೇ. ಲಾಹಾರ್ ಬಂದು ಹೋದ ಹೊಳೆಯಲ್ಲಿ ಒಳ್ಳೇ ಮರಳು ಉಳಿಯುತ್ತೆ, ಅದೂ ಒಂದು ದುಡಿಮೆ. ಅದೇ ಹೊಳೆಗಳಿಗೆ ಅಡ್ಡಲಾಗಿ ಮೆಟ್ಟಿಲು ಮೆಟ್ಟಿಲಾಗಿ ಕಾಣೋ ಕಾಂಕ್ರೀಟ್ ಕಟ್ಟೆಗಳು 'ಸಾಬೊ' ಅಣೆಕಟ್ಟುಗಳು. ಹೆಸರು, ತಂತ್ರ ಎರಡೂ ಜಪಾನಿನವು. ಇವು ನೀರನ್ನ ನಿಲ್ಲಿಸಲ್ಲ, ಬಂಡೆ ಮತ್ತು ಮರಳನ್ನ ಹಿಡಿದು ಪ್ರವಾಹದ ವೇಗ ತಗ್ಗಿಸ್ತವೆ. ಒಂದು ದೊಡ್ಡ ಸ್ಫೋಟದ ನಂತರ ತುಂಬಿ ಹೋಗ್ತವೆ, ಮತ್ತೆ ತೆಗೆಯಬೇಕು. 2011ರ ಜನವರಿಯಲ್ಲಿ ಪುತಿ ಹೊಳೆಯ ಲಾಹಾರ್ ಯೋಗ್ಯಕರ್ತ-ಮಗೆಲಾಂಗ್ ಹೆದ್ದಾರಿಯನ್ನೇ ಮುಚ್ಚಿತ್ತು.

ಪಕ್ಕದ ಬೆಟ್ಟ, ಪಕ್ಕದ ಕಡಲು

ಒಂದು ದಿನ ಹೆಚ್ಚಿದ್ದರೆ ಬೇರೊಂದು ಜ್ವಾಲಾಮುಖಿ ಪ್ರದೇಶವಾದ ದಿಯೆಂಗ್ ಪ್ರಸ್ಥಭೂಮಿಗೆ ಹೋಗಿ. ರಸ್ತೆಯಲ್ಲಿ ಮೂರೂವರೆ-ನಾಲ್ಕು ಗಂಟೆ. ಸುಮಾರು 2,000 ಮೀಟರ್ ಎತ್ತರ, ಜುಲೈ-ಆಗಸ್ಟ್‌ನಲ್ಲಿ ಕೆಲವು ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಕೂರುತ್ತೆ. ಜಾವಾದ ಅತ್ಯಂತ ಹಳೇ ಹಿಂದೂ ಗುಡಿಗಳು ಇಲ್ಲಿವೆ. ಅರ್ಜುನ, ಭೀಮ, ಘಟೋತ್ಕಚ, ಶ್ರೀಕಂಡಿ (ನಮ್ಮ ಶಿಖಂಡಿ) ಅನ್ನೋ ಹೆಸರುಗಳು ಬಹಳ ಕಾಲದ ನಂತರ ಬಂದವು. ಪಕ್ಕದಲ್ಲೇ ಕುದಿಯೋ ಕೆಸರಿನ ಸಿಕಿಡಾಂಗ್ ಕುಳಿ, ಗಂಧಕದ ವಾಸನೆ, ನೆಲದ ಹಬೆಯಿಂದ ವಿದ್ಯುತ್ ತೆಗೆಯೋ ಸ್ಥಾವರದ ಪೈಪುಗಳು. ಇಲ್ಲಿನ ಅಪಾಯ ಕಣ್ಣಿಗೆ ಕಾಣಲ್ಲ. 1979ರ ಫೆಬ್ರವರಿಯಲ್ಲಿ ನೆಲದಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ತುಂಬಿಕೊಂಡು 140ಕ್ಕೂ ಹೆಚ್ಚು ಜನ ಉಸಿರುಗಟ್ಟಿ ಸತ್ತರು. ಬೇಲಿ ಹಾಕಿದ ಕಡೆ ದಾಟಬೇಡಿ, ಅಷ್ಟೇ.

ಮೆರಾಪಿಯ ಕಥೆ ಮುಗಿಯೋದು ಊರಿನ ದಕ್ಷಿಣಕ್ಕೆ, ಪಾರಾಂಗ್‌ತ್ರಿತಿಸ್ ಕಡಲತೀರದಲ್ಲಿ. ಅಲ್ಲಿನ ಮರಳು ಕಪ್ಪು. ಬೆಟ್ಟದ ಬೂದಿಯನ್ನ ಹೊಳೆಗಳು ಕಡಲಿಗೆ ಒಯ್ದವು, ಅಲೆ ಅದನ್ನ ದಡಕ್ಕೆ ತಂದಿತು, ಗಾಳಿ ಅದನ್ನ ದಿಬ್ಬ ಮಾಡಿತು. ಬೆಟ್ಟ, ಸುಲ್ತಾನರ ಅರಮನೆ, ಕಡಲು ಮೂರೂ ಒಂದೇ ರೇಖೆಯಲ್ಲಿವೆ ಅನ್ನೋದು ಜಾವಾದವರ ಭಾವನೆ. ಅರಮನೆಯಿಂದ ಎರಡೂ ಕಡೆಗೆ ಕಾಣಿಕೆ ಹೋಗುತ್ತೆ. ಊರಿನೊಳಗಿನ ಆ ರೇಖೆಯ ಭಾಗವನ್ನ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಹೋಗೋ ಮುಂಚೆ

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಕಮ್ಮಿ, ಬೆಟ್ಟ ಕಾಣುತ್ತೆ. ಆ ತಿಂಗಳುಗಳಲ್ಲಿ ಪ್ರಂಬಾನನ್ ಎದುರಿನ ಬಯಲು ರಂಗಮಂದಿರದಲ್ಲಿ ರಾಮಾಯಣ ನೃತ್ಯನಾಟಕ ಇರುತ್ತೆ. 1961ರಿಂದ ನಡೀತಿದೆ, ಕುಣಿಯೋ ಕಲಾವಿದರಲ್ಲಿ ಹೆಚ್ಚಿನವರು ಮುಸ್ಲಿಮರು. ಊಟಕ್ಕೆ ಎಳೇ ಹಲಸಿನಕಾಯಿಯನ್ನ ತೆಂಗಿನಹಾಲು, ಬೆಲ್ಲದಲ್ಲಿ ಗಂಟೆಗಟ್ಟಲೆ ಬೇಯಿಸಿದ ಗುದೆಗ್ ತಿನ್ನಿ. ಸಸ್ಯಾಹಾರಿಗಳು 'ತನ್ಪಾ ದಾಗಿಂಗ್', ಮಾಂಸ ಬೇಡ, ಅಂತ ಮೊದಲೇ ಹೇಳಬೇಕು, ಕೋಳಿ, ಮೊಟ್ಟೆ ಜೊತೆಗೇ ಬರುತ್ತೆ.

ಬೀದಿಯ ಬೋರ್ಡುಗಳನ್ನೂ ಗಮನಿಸಿ. ಇಂಗ್ಲಿಷ್ ಅಕ್ಷರದ ಜೊತೆ ಜಾವಾ ಲಿಪಿ ಇರುತ್ತೆ. ಅದೂ ನಮ್ಮ ಕನ್ನಡ ಲಿಪಿಯ ಹಾಗೆ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬಂದ ಕುಡಿ. ಸ್ವರಚಿಹ್ನೆ ಅಕ್ಷರಕ್ಕೆ ಅಂಟಿಕೊಳ್ಳುತ್ತೆ, ಕೆಳಗೆ ಒತ್ತಕ್ಷರವೂ ಇದೆ, ಅವರು ಅದನ್ನ 'ಪಸಾಂಗನ್' ಅಂತಾರೆ. ಓದೋಕೆ ಬರಲ್ಲ, ಆದರೆ ಹೇಗೆ ಓದಬೇಕು ಅಂತ ಗೊತ್ತಾಗುತ್ತೆ.

ಕೊನೇದಾಗಿ, ಹೊರಡೋ ದಿನ ಮೆರಾಪಿಯ ಎಚ್ಚರಿಕೆಯ ಹಂತ ನೋಡಿಕೊಳ್ಳಿ. ಹಂತಗಳು ನಾಲ್ಕು: ನಾರ್ಮಲ್, ವಸ್ಪಾದಾ, ಸಿಯಾಗಾ, ಆವಾಸ್. 2020ರ ನವೆಂಬರ್‌ನಲ್ಲಿ ಮೂರನೇದಕ್ಕೆ ಏರಿಸಿದ್ದು ವರ್ಷಗಟ್ಟಲೆ ಇಳಿದಿಲ್ಲ. ಹಾಗಾಗಿ ತುದಿ ಹತ್ತೋ ಆಸೆ ಬೇಡ, ಜೀಪು ಎಲ್ಲಿವರೆಗೆ ಬಿಡ್ತಾರೋ ಅಲ್ಲಿವರೆಗೆ ಸಾಕು. ಅಲ್ಲಿಂದ ತಿರುಗಿ ದಕ್ಷಿಣಕ್ಕೆ ನೋಡಿದರೆ ಹೊಳೆ, ಗದ್ದೆ, ಊರು ಎಲ್ಲ ಆ ಬೆಟ್ಟ ತಂದು ಹಾಕಿದ ಮಣ್ಣಿನ ಮೇಲೇ ಕೂತಿರೋದು ಕಾಣುತ್ತೆ.